ಕಾಡಿನ ಕಥೆ ಯಾರಿಗೆ ಹೇಳಬೇಕು?

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ವನ್ಯಜೀವಿ ಶಿಕ್ಷಣದಲ್ಲಿರುವ ನನ್ನಂಥವರಿಗೆ ಒಂದೇ ಬಗೆಯ ಫೋನುಗಳು ಬರುತ್ತವೆ. "ಮಗಳಿಗೆ ಹಾವು, ಹಕ್ಕಿ, ಕಾಡು ಅಂದ್ರೆ ಪ್ರಾಣ. ಅದರಲ್ಲೇ ಮುಂದುವರೀಬೇಕು ಅಂತ ಹಟ ಹಿಡಿದಿದ್ದಾಳೆ. ಏನು ಓದಿಸಬೇಕು? ಓದಿದ್ರೆ ಹೊಟ್ಟೆ ತುಂಬುತ್ತಾ?" ಕೇಳುವ ಧ್ವನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಆತಂಕ. ಈ ಪ್ರಶ್ನೆಗಳಿಗೆ ಉತ್ತರ ಇದೆ, ಅದನ್ನೂ ಇವತ್ತು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಆ ಹುಡುಗಿ ತನ್ನನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಕಾಡಿನ ವಿಷಯವನ್ನು ನಾನು ಹೇಳಹೊರಟಿರುವುದು ಯಾರಿಗೆ? ವನ್ಯಜೀವಿ ಶಿಕ್ಷಣದ ಈ ವೃತ್ತಿಯಲ್ಲಿ ಯಾರು ಯಾವ ದಾರಿ ಹಿಡಿಯುತ್ತಾರೆ, ಅವರ ದುಡಿಮೆಯಿಂದ ಒಂದು ಪ್ರಾಣಿಗಾದರೂ ಅನುಕೂಲವಾಯಿತೇ ಎಂಬುದೆಲ್ಲ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಓದಿನ ವಿಚಾರ ಮೊದಲು ಮುಗಿಸಿಬಿಡೋಣ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯಲ್ಲೇ ಎಂ.ಎಸ್ಸಿ. ಇದೆ. ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವನ್ಯಜೀವಿ ವಿಜ್ಞಾನದ ಎರಡು ವರ್ಷದ ಸ್ನಾತಕೋತ್ತರ ತರಗತಿ ಇದೆ, ಸೀಟುಗಳು ಮಾತ್ರ ಬೆರಳೆಣಿಕೆಯಷ್ಟು. ಡೆಹ್ರಾಡೂನಿನಲ್ಲಿ 1982ರಲ್ಲಿ ಹುಟ್ಟಿದ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಆದರೆ ಈ ಬಾಗಿಲುಗಳಿಂದಲೇ ಒಳಗೆ ಬರಬೇಕೆಂದೇನೂ ಇಲ್ಲ. ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಜಗತ್ತಿಗೇ ಪರಿಚಿತರಾದ ಉಲ್ಲಾಸ ಕಾರಂತರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ, ಮೆಕ್ಯಾನಿಕಲ್ ಎಂಜಿನಿಯರಿಂಗ್. ವಾಣಿಜ್ಯ ಓದಿದವರು, ಕೃಷಿ ಓದಿದವರು, ಡಿಗ್ರಿಯನ್ನೇ ಮುಗಿಸದವರು ಕೂಡ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ.

ಕೆಲಸ ಎಲ್ಲೆಲ್ಲಿ ಸಿಗುತ್ತದೆ? ಜಂಗಲ್ ಲಾಡ್ಜಸ್‌ನಂಥ ಕಡೆ ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ನ್ಯಾಚುರಲಿಸ್ಟ್ ಆಗಬಹುದು. ಮೃಗಾಲಯಗಳಲ್ಲಿ ಶಿಕ್ಷಣ ವಿಭಾಗಗಳಿವೆ. ಮೈಸೂರು ಮೃಗಾಲಯದ ಯೂತ್ ಕ್ಲಬ್ಬಿನಿಂದ ಹೊರಬಂದ ಎಷ್ಟೋ ಮಕ್ಕಳು ಮುಂದೆ ಇದೇ ದಾರಿ ಹಿಡಿದಿದ್ದಾರೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ 'ವೈಲ್ಡ್ ಶಾಲೆ' ಕಾಡಂಚಿನ ಸರ್ಕಾರಿ ಶಾಲೆಗಳಿಗೆ ಹೋಗಿ ಪಾಠ ಮಾಡುತ್ತದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರ 'ಅರ್ಲಿ ಬರ್ಡ್' ಮಕ್ಕಳಿಗಾಗಿ ಕನ್ನಡದಲ್ಲೂ ಹಕ್ಕಿಗಳ ಚಿತ್ರಪಟ ತಂದಿದೆ. ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಹಳ್ಳಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಇನ್ನು ಚಲನಚಿತ್ರ, ಛಾಯಾಗ್ರಹಣ, ಬರವಣಿಗೆ ಇದ್ದೇ ಇವೆ. ಹೀಗೆ ನೋಡಿದರೆ ಅವಕಾಶಗಳಿಗೆ ಬರವಿಲ್ಲ.

ಈಗ ಆ ಮೊದಲ ಪ್ರಶ್ನೆಗೆ ಬರುತ್ತೇನೆ. ನನ್ನ ಬಳಿ ಬರುವ ಹತ್ತು ಯುವಕರಲ್ಲಿ ಒಂಬತ್ತು ಜನರ ಕಣ್ಣಮುಂದಿರುವ ಕೇಳುಗರು ನಗರದವರು, ಹುಲಿಯನ್ನು ಆಗಲೇ ಪ್ರೀತಿಸುವವರು. ಅವರಿಗೂ ಹೇಳಬೇಕು, ತಪ್ಪಿಲ್ಲ. ಆದರೆ ಹುಲಿ, ಆನೆ, ಹಾವು, ಚಿರತೆ ಉಳಿಯುತ್ತವೋ ಇಲ್ಲವೋ ಎಂದು ತೀರ್ಮಾನವಾಗುವುದು ಅವುಗಳ ಪಕ್ಕದಲ್ಲೇ ಹೊಲ ಉಳುವವರ ಮನೆಯಂಗಳದಲ್ಲಿ. ಈ ಹೊತ್ತಿನಲ್ಲಿ ಹೊಲದ ಅಟ್ಟಣೆಯ ಮೇಲೆ ಕೂತು ರೇಡಿಯೋ ಹಾಕಿಕೊಂಡು ಹಂದಿ ಕಾಯುತ್ತಿರುವವರು ನನ್ನ ಮಾತು ಕೇಳುತ್ತಿರಬಹುದು. ಕಾಡಿನ ಕಥೆ ಹೇಳುವ ವೃತ್ತಿಗೆ ಬರುವವರು ಮೊದಲು ಎದುರಿಸಬೇಕಾದದ್ದು ಇವರನ್ನು. ಈ ಮಾತಿಗೆ ಒಂದು ಊರನ್ನೇ ಮುಂದಿಡುತ್ತೇನೆ.

ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಹತ್ತಿರ, ಕೊಕ್ಕರೆ ಬೆಳ್ಳೂರು ಅಂತ ಊರಿದೆ. ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ಅಲ್ಲಿ ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ. ಮನೆಗಳ ನಡುವಿನ ಹುಣಸೆ, ಅರಳಿ, ಆಲದ ಮರಗಳಲ್ಲಿ ಕಟ್ಟುತ್ತವೆ. ಚಳಿಗಾಲದ ಮೊದಲಿಗೆ ಬಂದು ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಮರಿಗಳೊಂದಿಗೆ ಹೊರಟುಬಿಡುತ್ತವೆ. ಆ ತಿಂಗಳುಗಳಲ್ಲಿ ಊರಿನ ಹೆಂಚಿನ ಮೇಲೆಲ್ಲ ಹಿಕ್ಕೆ, ಅರೆಜೀರ್ಣವಾದ ಮೀನಿನ ವಾಸನೆ, ಇಡೀ ದಿನ ಮರಿಗಳ ಕೂಗಾಟ. ಆದರೂ ಊರಿನವರು ಓಡಿಸುವುದಿಲ್ಲ. ಕೇಳಿದರೆ, ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದರೆ ಬೇಡ ಅನ್ನೋಕಾಗುತ್ತಾ ಅನ್ನುತ್ತಾರೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ. ಮರದಡಿ ಗುಂಡಿ ತೋಡಿ, ಅದರಲ್ಲಿ ಬೀಳುವ ಹಿಕ್ಕೆಯನ್ನು ಗೊಬ್ಬರ ಮಾಡಿ ಗದ್ದೆಗೆ ಹಾಕುತ್ತಿದ್ದರು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ತಾಣವನ್ನು ಹೊರಗಿನವರ ಗಮನಕ್ಕೆ ತಂದರು. ಹಕ್ಕಿಗಳಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟವರಿಗೆ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಆದರೂ ಮರಗಳು ಮಾರಾಟವಾಗುತ್ತಿದ್ದವು, ಹೊಸ ತಲೆಮಾರಿಗೆ ತವರಿನ ಕಥೆ ಅಜ್ಜಿಯರ ಮಾತಾಗಿ ಉಳಿಯತೊಡಗಿತ್ತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಬಳಗವೊಂದು ಊರಿನ ಯುವಕರ ಜೊತೆ ಕೆಲಸ ಶುರುಮಾಡಿತು. ಊರಲ್ಲೇ 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಅಂಗಳದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸವಾಯಿತು. ಒಂದು ಹೆಜ್ಜಾರ್ಲೆ ಮರಿಗೆ ದಿನವೂ ಮೀನು ಹೊಂದಿಸುವುದು ಎಂಥ ಕಷ್ಟ ಎಂದು ಗೊತ್ತಾಗಬೇಕಾದರೆ ಅಲ್ಲಿ ನಿಂತು ನೋಡಬೇಕು. ಮರಿ ಕೊಕ್ಕನ್ನು ತೆರೆದರೆ ಕೆಳಗಿನ ಚೀಲ ನಿಮ್ಮ ಮುಂಗೈಯನ್ನೇ ನುಂಗುವಷ್ಟು ಹಿಗ್ಗುತ್ತದೆ, ಮತ್ತೆ ಮತ್ತೆ ಬೇಕು ಎನ್ನುತ್ತದೆ. ಆ ಮರಿಗೆ ಕೈಯಾರೆ ಮೀನು ಕೊಟ್ಟ ಹುಡುಗನಿಗೆ ಹಕ್ಕಿಯ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ. 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು.

ಇಲ್ಲಿ ಹೊರಗಿನಿಂದ ಹೋದವರು ಹೊಸ ಕಥೆ ಕಟ್ಟಲಿಲ್ಲ ಎಂಬುದನ್ನು ಗಮನಿಸಿ. ಊರಿನಲ್ಲಿದ್ದ ಕಥೆಯನ್ನೇ ಕೇಳಿಸಿಕೊಂಡು, ಅದು ಮತ್ತೊಂದು ತಲೆಮಾರಿಗೆ ದಾಟುವ ವ್ಯವಸ್ಥೆ ಮಾಡಿದರು. ಕಥೆಯೇ ಇಲ್ಲದ ಊರಿನಲ್ಲಿ ಏನು ಮಾಡುವುದು? ಅದಕ್ಕೆ ಅಸ್ಸಾಮಿನಲ್ಲಿ ಉತ್ತರವಿದೆ. ಕಾಮರೂಪ ಜಿಲ್ಲೆಯ ದಾದರಾ ಸುತ್ತಿನ ಹಳ್ಳಿಗಳಲ್ಲಿ ಹರ್ಗಿಲಾ ಎಂಬ ದೊಡ್ಡ ಕೊಕ್ಕರೆ ಜನರ ಹಿತ್ತಲ ಮರಗಳಲ್ಲಿ ಗೂಡು ಕಟ್ಟುತ್ತದೆ. ಬೋಳು ತಲೆ, ಕೊಳೆತ ಮಾಂಸ ತಿನ್ನುವ ಹಕ್ಕಿ, ಅಪಶಕುನ ಎಂಬ ಹೆಸರು ಬೇರೆ. ಮನೆಯವರು ಗೂಡಿದ್ದ ಮರವನ್ನೇ ಕಡಿಸಿದಾಗ ಮರಿಗಳು ನೆಲಕ್ಕೆ ಬಿದ್ದದ್ದನ್ನು ಕಂಡ ಸಂಶೋಧಕಿ ಪೂರ್ಣಿಮಾ ದೇವಿ ಬರ್ಮನ್ ತಮ್ಮ ಪಿಎಚ್‌ಡಿ ಕೆಲಸವನ್ನು ಬದಿಗಿಟ್ಟು ಆ ಊರಿನ ಹೆಂಗಸರ ಜೊತೆ ಕೂತರು. ಕೊಕ್ಕರೆ ಮೊಟ್ಟೆಯಿಡುವ ಕಾಲಕ್ಕೆ ಊರ ಹೆಂಗಸರೆಲ್ಲ ಸೇರಿ ಅದಕ್ಕೆ ಸೀಮಂತ ಮಾಡುವ ಪದ್ಧತಿ ಹುಟ್ಟಿತು. ಮಗ್ಗದಲ್ಲಿ ನೇಯುವ ಬಟ್ಟೆಯ ಮೇಲೆ ಹರ್ಗಿಲಾ ಚಿತ್ರ ಬಂತು, ಅದರಿಂದ ನಾಲ್ಕು ಕಾಸೂ ಬಂತು. ಆ ಹೆಂಗಸರ ದಂಡಿಗೆ ಈಗ ಹರ್ಗಿಲಾ ಸೇನೆ ಎಂದೇ ಹೆಸರು. 2022ರಲ್ಲಿ ಬರ್ಮನ್ ಅವರಿಗೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂದಾಗ ಪತ್ರಿಕೆಗಳು ಬರೆದವು. ಅದಕ್ಕಿಂತ ಎಷ್ಟೋ ವರ್ಷ ಮೊದಲು ಅವರು ಆ ಹಿತ್ತಲುಗಳಲ್ಲಿ ಕೂತು ಮಾತು ಕೇಳಿಸಿಕೊಂಡಿದ್ದರು. ಮದ್ದೂರಿನ ಕಡೆ ಬಾಣಂತನ, ಅಸ್ಸಾಮಿನಲ್ಲಿ ಸೀಮಂತ. ಎರಡೂ ಕಡೆ ಹಕ್ಕಿ ಉಳಿದದ್ದು ಮನೆಯ ಹೆಣ್ಣುಮಕ್ಕಳ ಬದುಕಿನೊಳಗೆ ಅದಕ್ಕೊಂದು ಜಾಗ ಸಿಕ್ಕಿದ್ದರಿಂದ.

ಇನ್ನು ಶಾಲೆಯ ಕೋಣೆಗೆ ಹೋಗೋಣ. ಮಕ್ಕಳ ಮುಂದೆ ನಿಂತು 'ಕಾಡು ಉಳಿಸಿ' ಎಂದು ಘೋಷಣೆ ಕೂಗಿಸುವುದರಿಂದ ಏನೂ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಮಗುವಿನ ಕೈಗೆ ಏನಾದರೂ ಕೊಡಬೇಕು. ಗೂಬೆಯ ಉದಾಹರಣೆ ತೆಗೆದುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಗೂಬೆ ಕೂಗಿದರೆ ಸಾವು ಎನ್ನುತ್ತಾರೆ, ಕಂಡಲ್ಲಿ ಕಲ್ಲು ಹೊಡೆಯುತ್ತಾರೆ. ಹಳೆಯ ಗೋಪುರ, ಪಾಳು ಮನೆ, ಅಟ್ಟಗಳಲ್ಲಿ ವಾಸಿಸುವ ಕಣಜ ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಕೂದಲು, ಮೂಳೆ ಅರಗುವುದಿಲ್ಲ, ಅವನ್ನು ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತದೆ. ಆ ಉಂಡೆಗಳು ಅದು ಕೂರುವ ಜಾಗದ ಕೆಳಗೆ ಬಿದ್ದಿರುತ್ತವೆ, ಹೆಬ್ಬೆರಳಿನ ಗಾತ್ರ, ಒಣಗಿದ ಮೇಲೆ ಬೂದು ಬಣ್ಣ. ಭತ್ತ, ಕಬ್ಬು ಬೆಳೆಯುವ ಒಂದು ಊರಿನ ಶಾಲೆಗೆ ನಾನು ಅವನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿದ್ದೆ. ಕೈಗೆ ಕವಚ ಹಾಕಿಸಿ, ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ, ಪ್ರತಿ ಜೋಡಿಗೂ ಹಳೆ ಪೇಪರಿನ ಮೇಲೆ ಒಂದು ಉಂಡೆ ಇಟ್ಟೆ. ಗೂಬೆಯ ಹೆಸರು ಮೊದಲಿಗೆ ಹೇಳಲಿಲ್ಲ.

ಸೂಜಿಯಿಂದ ಮೆಲ್ಲಗೆ ಬಿಡಿಸುತ್ತಾ ಹೋದ ಹಾಗೆ ಬೂದು ಕೂದಲಿನ ನಡುವೆ ಅಕ್ಕಿಕಾಳಿನಂಥ ಮೂಳೆಗಳು ಬಂದವು, ಆಮೇಲೆ ದವಡೆ, ದವಡೆಯ ತುದಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಬಾಗಿದ ಹಲ್ಲು. ಒಬ್ಬಳು ಹುಡುಗಿ "ಸಾರ್, ಇದು ಇಲಿ ಹಲ್ಲು, ನಮ್ಮ ಮನೇಲಿ ಬೋನಿಗೆ ಬೀಳೋ ಇಲಿಗೆ ಹೀಗೇ ಇರುತ್ತೆ" ಎಂದಳು. ತಲೆಬುರುಡೆ ಎಣಿಸಿ ಎಂದೆ. ಕೆಲವರಿಗೆ ಎರಡು, ಕೆಲವರಿಗೆ ಮೂರು. ಬೋರ್ಡಿನ ಮೇಲೆ ಎಲ್ಲರ ಲೆಕ್ಕ ಬರೆದು ಕೂಡಿಸಿದರು. ಒಂದು ಇಲಿ ಒಂದು ರಾತ್ರಿಗೆ ಎಷ್ಟು ಭತ್ತ ಹಾಳುಮಾಡುತ್ತದೆ ಎಂಬ ವಾದ ತಾನಾಗಿಯೇ ಶುರುವಾಯಿತು, ಅದರಲ್ಲಿ ಮಕ್ಕಳೇ ನನಗಿಂತ ತಿಳಿದವರು. ಇಷ್ಟೆಲ್ಲ ಇಲಿ ಹಿಡಿದವರು ಯಾರು ಅಂತ ಅವರೇ ಕೇಳಿದಾಗ ಮಾತ್ರ ಗೂಬೆಯ ಚಿತ್ರ ತೋರಿಸಿದೆ. ಸಂಜೆ ಮನೆಗೆ ಹೋಗಿ ಅಪ್ಪನಿಗೆ ಇದನ್ನು ಹೇಳುವ ಮಗುವಿಗಿಂತ ಒಳ್ಳೆಯ ವನ್ಯಜೀವಿ ಶಿಕ್ಷಕರು ಆ ಊರಿಗೆ ಸಿಗುವುದಿಲ್ಲ. ಅದಕ್ಕೆ ಖರ್ಚಾದದ್ದು ಹಳೆ ಪೇಪರು, ಸೂಜಿ, ಒಂದಿಷ್ಟು ಕೈಗವಚ.

ಕೆಟ್ಟ ಹೆಸರು ಪಡೆದ ಪ್ರಾಣಿಗೆ ಒಂದು ಕಥೆ ಏನು ಮಾಡಬಲ್ಲದು ಎಂಬುದಕ್ಕೆ ಸೀಳುನಾಯಿ ದೊಡ್ಡ ಸಾಕ್ಷಿ. ಬ್ರಿಟಿಷರ ಕಾಲದಿಂದ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವವರೆಗೂ ಅದನ್ನು ಕೊಂದು ತಂದವರಿಗೆ ಬಹುಮಾನ ಸಿಗುತ್ತಿತ್ತು. ಬೇಟೆಯನ್ನು ಜೀವಂತ ಸೀಳಿ ತಿನ್ನುವ ಕ್ರೂರಿ ಎಂದು ಬೇಟೆಗಾರರೆಲ್ಲ ಬರೆದಿದ್ದರು. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಅವುಗಳ ಹಿಂದೆ ನಡೆದು ಅಧ್ಯಯನ ಮಾಡಿದರು. ಆಮೇಲೆ ಮೈಸೂರಿನ ಕೃಪಾಕರ–ಸೇನಾನಿ ಜೋಡಿ ವರ್ಷಗಟ್ಟಲೆ ಒಂದೇ ಪ್ರದೇಶದ ಸೀಳುನಾಯಿಗಳ ಹಿಂದೆ ಬಿದ್ದರು. ಅವರ 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಹಸಿರು ಆಸ್ಕರ್ ಎನ್ನುವ ಪ್ರಶಸ್ತಿ ಬಂತು. ಬೇಟೆ ಬಿದ್ದಾಗ ಮರಿಗಳಿಗೆ ಮೊದಲು ಜಾಗ ಬಿಟ್ಟುಕೊಡುವ, ಗೂಡಿನಲ್ಲಿ ಉಳಿದವರಿಗೆ ಹೊಟ್ಟೆಯಲ್ಲಿ ತಂದು ಉಣ್ಣಿಸುವ, ಸಿಳ್ಳೆ ಹಾಕಿ ಒಬ್ಬರನ್ನೊಬ್ಬರು ಕರೆಯುವ ಕುಟುಂಬಜೀವಿಯನ್ನು ಅವರ ಕೆಲಸದಿಂದಾಗಿ ಜನ ನೋಡಿದರು. ಯುವಕರು ಆ ಚಿತ್ರದ ಕ್ಯಾಮೆರಾ ಯಾವುದು ಎಂದು ಕೇಳುತ್ತಾರೆ. ಅಷ್ಟು ವರ್ಷ ಒಂದೇ ಕಡೆ ಉಳಿಯಲು ಏನು ಬೇಕಾಯಿತು ಎಂದು ಕೇಳುವವರು ಕಡಿಮೆ.

ಒಂದೇ ಕಡೆ ಉಳಿಯುವ ಮಾತು ಬಂದರೆ ತೇಜಸ್ವಿಯವರನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಕನ್ನಡದಲ್ಲಿ ಈ ದಾರಿ ಹಿಡಿದ ಬಹಳ ಮಂದಿ ಅವರ ಪುಸ್ತಕದ ಮೂಲಕವೇ ಬಂದವರು. 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿ ನಂಬಿಕೊಂಡಿರುವುದು ಮಂದಣ್ಣನನ್ನು, ಊರಿನವರು ಕೆಲಸಕ್ಕೆ ಬಾರದವನೆಂದುಕೊಂಡ ಜೇನು ಹಿಡಿಯುವ ಹುಡುಗನನ್ನು. ಕಾಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ತಮ್ಮ ತಮ್ಮ ಮಂದಣ್ಣ ಸಿಕ್ಕಿರುತ್ತಾರೆ. ಬಿಳಿಗಿರಿಯ ಸೋಲಿಗರು, ನಾಗರಹೊಳೆಯ ಜೇನುಕುರುಬರು, ಇಲಾಖೆಯ ದಿನಗೂಲಿ ವಾಚರುಗಳು ಹೆಜ್ಜೆ ತೋರಿಸದಿದ್ದರೆ ನಮ್ಮ ಎಷ್ಟೋ ಸಂಶೋಧನೆ, ಸಿನಿಮಾ ಹುಟ್ಟುತ್ತಲೇ ಇರಲಿಲ್ಲ. ಅವರ ಹೆಸರು ಚಿತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಓಡಿಹೋಗುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಇದು ಅನ್ಯಾಯ. ಈ ಕ್ಷೇತ್ರಕ್ಕೆ ಬರುವವರು ಅವರ ಹೆಸರು ಹೇಳುವುದನ್ನು, ಅವರಿಗೆ ಸರಿಯಾಗಿ ಹಣ ಕೊಡುವುದನ್ನು ಮೊದಲ ದಿನದಿಂದ ಕಲಿಯಬೇಕು.

ಹಾವಿನ ವಿಷಯದಲ್ಲಿ ಕಥೆ ಹೇಳುವವರ ಹೊಣೆ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಮನುಷ್ಯರ ಪ್ರಾಣವೂ ಇದೆ. 2000ರಿಂದ 2019ರವರೆಗಿನ ಒಂದು ಅಂದಾಜಿನಂತೆ ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ, ಬಹುಪಾಲು ಹಳ್ಳಿಯವರು. ಕರ್ನಾಟಕ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶ ಹೊರಡಿಸಿತು. ಆಗುಂಬೆಯಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಆ ಸೀಮೆಯಲ್ಲಿ ಗೌರಿಶಂಕರ್ ಮೊದಲಾದವರು ಮನೆಗೆ ಬಂದ ಕಾಳಿಂಗ ಸರ್ಪವನ್ನು ಹಿಡಿದು ಬಿಡುವುದರ ಜೊತೆಗೆ, ನೆರೆದ ಜನರಿಗೆ ಅಲ್ಲೇ ನಿಂತು ಹಾವಿನ ವಿಷಯ ತಿಳಿಸುವುದನ್ನು ಅಷ್ಟೇ ಮುಖ್ಯ ಕೆಲಸ ಮಾಡಿಕೊಂಡರು. ಇದು ಹೆಚ್ಚಾಗಿ ಬೇರೆ ಹಾವುಗಳನ್ನೇ ತಿನ್ನುತ್ತದೆ, ತರಗೆಲೆ ಒಟ್ಟಿ ಗೂಡು ಕಟ್ಟುತ್ತದೆ, ತಾಯಿ ಅದನ್ನು ಕಾಯುತ್ತದೆ ಎಂಬ ಮಾತು ಎದೆ ಹೊಡೆದುಕೊಳ್ಳುತ್ತಿರುವ ಆ ಗಳಿಗೆಯಲ್ಲಿ ಕಿವಿಗೆ ಬಿದ್ದರೆ ಜನ್ಮಕ್ಕೂ ಮರೆಯುವುದಿಲ್ಲ. ತೋಟದಲ್ಲಿ ಗೂಡು ಕಂಡರೆ ಸುಡದೆ, ಮರಿ ಹೊರಬರುವವರೆಗೆ ಇರಲಿ ಎಂದು ಒಪ್ಪಿದ ರೈತರು ಆ ಭಾಗದಲ್ಲಿದ್ದಾರೆ. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಎಂದು ತೋರಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ 'ಕಾಳಿಂಗ' ಎಂದೇ ಇಟ್ಟರು.

ಇದೇ ಹಾವನ್ನು ಬಾಲ ಹಿಡಿದು ತೂಗಿ, ಮುತ್ತಿಟ್ಟು, ಮೊಬೈಲಿಗೆ ವಿಡಿಯೋ ಮಾಡುವವರೂ ಇದ್ದಾರೆ. ಲಕ್ಷಾಂತರ ಜನ ನೋಡುತ್ತಾರೆ, ನೋಡಿದ ಹುಡುಗರು ಅನುಕರಿಸಿ ಕಚ್ಚಿಸಿಕೊಳ್ಳುತ್ತಾರೆ. ಗೂಡಿನ ಹತ್ತಿರ ಏಣಿ ಹಾಕಿ ಫೋಟೊ ತೆಗೆಯುವುದು, ಅಪರೂಪದ ಪ್ರಾಣಿ ಇರುವ ಜಾಗವನ್ನು ಲೋಕಕ್ಕೆಲ್ಲ ಸಾರುವುದು, ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂದು ನೂರು ಜನರನ್ನು ಸೇರಿಸುವುದು, ಇವೆಲ್ಲ ಕಥೆ ಹೇಳುವ ಹೆಸರಿನಲ್ಲಿ ನಡೆಯುತ್ತಿರುವ ಹಾನಿ. ಹಾವಿನ ವಿಷಯದಲ್ಲಿ ಹಳ್ಳಿಗೆ ಬೇಕಾದ ಕಥೆ ಬೇರೆಯದೇ ಇದೆ. ರಾತ್ರಿ ಹೊರಗೆ ಹೋಗುವಾಗ ಟಾರ್ಚು, ಕಾಲಿಗೆ ಚಪ್ಪಲಿ. ನೆಲದ ಮೇಲೆ ಮಲಗುವವರಿಗೆ ಸೊಳ್ಳೆಪರದೆ, ಏಕೆಂದರೆ ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನಿದ್ದೆಯಲ್ಲಿದ್ದವರನ್ನು. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆ ಹೊತ್ತು ಕಳೆಯದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಓಡಿ. ಇದನ್ನು ಮನಸ್ಸಿಗೆ ನಾಟುವಂತೆ ಹೇಳಬಲ್ಲವರು ಹಾವನ್ನೂ ಉಳಿಸುತ್ತಾರೆ, ಮನುಷ್ಯರನ್ನೂ ಉಳಿಸುತ್ತಾರೆ.

ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಆನೆಗಳ ಜೊತೆ ಬದುಕುವವರಿಗೆ ಇನ್ನೂ ಚಿಕ್ಕ ಕಥೆ ಸಾಕು. ಇವತ್ತು ಆನೆ ಎಲ್ಲಿದೆ? ಸಂಜೆಯ ಹೊತ್ತಿಗೆ ಆ ಸುದ್ದಿ ಮೊಬೈಲಿಗೆ ಬಂದರೆ ಕೂಲಿ ಮುಗಿಸಿ ನಡೆದು ಹೋಗುವವರು ಬೇರೆ ದಾರಿ ಹಿಡಿಯುತ್ತಾರೆ. ವಾಲ್ಪಾರೈಯಲ್ಲಿ ಆನಂದಕುಮಾರ್ ಮತ್ತು ಅವರ ತಂಡ ರೂಪಿಸಿದ ಈ ಕ್ರಮ ಹಾಸನಕ್ಕೂ ಬಂದಿದೆ. ದಿನವಿಡೀ ಆನೆಯ ಜಾಡು ಹಿಡಿದು, ಎರಡು ಸಾಲಿನ ಸುದ್ದಿ ಬರೆದು ಕಳಿಸುವ ಹುಡುಗರನ್ನೂ ನಾನು ಈ ವೃತ್ತಿಯವರೆಂದೇ ಎಣಿಸುತ್ತೇನೆ.

ಹೊಟ್ಟೆಯ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಮೊದಲ ವರ್ಷಗಳಲ್ಲಿ ಸಂಬಳ ಕಡಿಮೆ. ಸಂಸ್ಥೆಗಳ ಕೆಲಸ ಹೆಚ್ಚಾಗಿ ಒಂದೆರಡು ವರ್ಷದ ಯೋಜನೆ, ದೇಣಿಗೆ ಮುಗಿದರೆ ಕೆಲಸವೂ ಮುಗಿಯಿತು. ಅದಕ್ಕೇ ಹೇಳುತ್ತೇನೆ, ಹಕ್ಕಿ ಗುರುತಿಸುವುದರ ಜೊತೆಗೆ ಜೀಪು ಓಡಿಸುವುದು, ವಿಡಿಯೋ ಜೋಡಿಸುವುದು, ಲೆಕ್ಕಪತ್ರ ಬರೆಯುವುದು, ಪ್ರಥಮ ಚಿಕಿತ್ಸೆ, ಇವುಗಳಲ್ಲಿ ಎರಡಾದರೂ ಬರಬೇಕು. ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಲು, ಇಂಗ್ಲಿಷಿನಲ್ಲಿ ಒಂದು ವರದಿ ಸಿದ್ಧಪಡಿಸಲು ಬರಬೇಕು. ಹೆಣ್ಣುಮಕ್ಕಳಿಗೆ ಉಳಿದುಕೊಳ್ಳಲು ಸುರಕ್ಷಿತ ಜಾಗ, ಶೌಚಾಲಯ ಇದೆಯೇ ಎಂದು ಕೆಲಸ ಒಪ್ಪುವ ಮುಂಚೆ ಕೇಳಿ, ಕೇಳಲು ಸಂಕೋಚ ಬೇಡ. ಸಂಸ್ಥೆ ನಡೆಸುವವರಿಗೂ ನನ್ನದೊಂದು ಒತ್ತಾಯ. ಅನುಭವದ ಹೆಸರಿನಲ್ಲಿ ತಿಂಗಳುಗಟ್ಟಲೆ ಬಿಟ್ಟಿ ದುಡಿಸುವುದನ್ನು ನಿಲ್ಲಿಸಿ. ಸಂಬಳವಿಲ್ಲದೆ ಆರು ತಿಂಗಳು ಕಾಡಿನಲ್ಲಿರಲು ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯ. ಹಾಡಿಯ ಹುಡುಗನಿಗೆ, ಕಾಡಂಚಿನ ಕೂಲಿಯ ಮಗಳಿಗೆ ಈ ಬಾಗಿಲು ಮುಚ್ಚುವುದೇ ಅಲ್ಲಿ.

ಕೊನೆಯದಾಗಿ, ಕೆಲಸ ಖಾಲಿ ಇರುವ ಜಾಗ ಒಂದನ್ನು ಹೇಳುತ್ತೇನೆ. ಎಲ್ಲರ ಕಣ್ಣೂ ಕಬಿನಿ, ಬಂಡೀಪುರದ ಮೇಲಿದೆ. ಉತ್ತರದ ಬಯಲುಸೀಮೆಯ ಕಡೆ ನೋಡುವವರೇ ಇಲ್ಲ. ಗಂಗಾವತಿ ಹತ್ತಿರ ಬಂಕಾಪುರದ ಗುಡ್ಡಗಳಲ್ಲಿ ತೋಳಗಳಿಗಾಗಿ ಅಭಯಾರಣ್ಯವಾಗಿದೆ. ತುಂಗಭದ್ರೆಯಲ್ಲಿ 2015ರಿಂದ ನೀರುನಾಯಿಗಳಿಗೆ ಮೀಸಲು ಪ್ರದೇಶವಿದೆ. ಸಿರುಗುಪ್ಪದ ಹುಲ್ಲು ಬಯಲಿನಲ್ಲಿ ಹೆಬ್ಬಕ ಎಂಬ ಹಕ್ಕಿ ವಿನಾಶದ ಅಂಚಿನಲ್ಲಿದೆ. ತೋಳ ರಾತ್ರಿ ದೊಡ್ಡಿಗೆ ಬಂದು ಮರಿ ಎತ್ತಿಕೊಂಡು ಹೋದರೆ ಕುರಿಗಾರರಿಗೆ ಅದು ಒಂದು ವರ್ಷದ ಗಂಜಿ. ಆದರೂ ಎಷ್ಟೋ ಕುರಿಗಾರರು ತೋಳದ ಮೇಲೆ ಹಗೆ ಇಟ್ಟುಕೊಂಡಿಲ್ಲ, ಯಾಕೆ ಎಂದು ಅವರ ಪಕ್ಕ ಕೂತು ಕೇಳಿಸಿಕೊಂಡು ಬರೆದವರು ಕಡಿಮೆ. ಆ ಸೀಮೆಯ ಕನ್ನಡ ಬಲ್ಲ, ಕುರಿದೊಡ್ಡಿಯ ಪಕ್ಕದಲ್ಲಿ ಕಂಬಳಿ ಹಾಸಿ ಮಲಗಬಲ್ಲ, ಪರಿಹಾರದ ಅರ್ಜಿ ಬರೆದುಕೊಡಬಲ್ಲ, ಶಾಲೆಯಲ್ಲಿ ಪಾಠ ಮಾಡಬಲ್ಲ ಹುಡುಗ ಹುಡುಗಿಯರು ಕೊಪ್ಪಳ, ಬಳ್ಳಾರಿ, ಗದಗದ ಹಳ್ಳಿಗಳಲ್ಲೇ ಬೆಳೆಯುತ್ತಿದ್ದಾರೆ. ಕಾಡೆಂದರೆ ದಟ್ಟ ಮರ ಎಂದು ತಿಳಿದು ತಮ್ಮೂರಿನ ಕುರುಚಲು ಬಯಲನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಅಂಥವರು ಯಾರಾದರೂ ಈಗ ಕೇಳುತ್ತಿದ್ದರೆ, ಈ ಬೇಸಿಗೆ ರಜೆಯಲ್ಲಿ ನಿಮ್ಮೂರಿನ ಕುರಿಗಾರರೊಬ್ಬರ ಜೊತೆ ನಡೆಯಿರಿ. ಕಂಡದ್ದನ್ನು, ಕೇಳಿದ್ದನ್ನು ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಲಸ ಕೇಳಲು ಹೋದಾಗ ಅದನ್ನು ಮೇಜಿನ ಮೇಲಿಡಿ. ನಾನು ಯಾವ ಸಂದರ್ಶನದಲ್ಲಿ ಕೂತರೂ ಅಂಕಪಟ್ಟಿಗಿಂತ ಮೊದಲು ಓದುವುದು ಆ ನೋಟ್‌ಬುಕ್ಕನ್ನೇ.